ಕಸಿಯಾದ ಕುಡಿಗಳು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯಲ್ಲಿ ‘ಕಸಿ’ ಎಂಬ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಾದುದಿಲ್ಲ. ಹೊಳೆಯಂಚಿನ ಹಳೆಯ ಅಪ್ಪೆಮಾವಿನ ಮರ ಉರುಳುವ ಮೊದಲೇ ಅದರ ಕುಡಿಯೊಂದನ್ನು ತಂದು ಕಾಡುಮಾವಿನ ಸಸಿಗೆ ಕಟ್ಟಿ, ಆ ಮಿಡಿಯ ಪರಿಮಳವನ್ನು ಮುಂದಿನ ತಲೆಮಾರಿನ ಉಪ್ಪಿನಕಾಯಿ ಭರಣಿಗೆ ಉಳಿಸಿಕೊಡುವ ವಿದ್ಯೆ ಇಲ್ಲಿಯ ತೋಟಿಗರಿಗೆ ಕರಗತವಾದುದು. ಈ ಕೆಲಸ ಬಲ್ಲವರನ್ನು ಕೇಳಿದರೆ, ಕುಡಿ ಕಟ್ಟಿದ ದಿನವೇ ಕಸಿಯಾಯಿತೆಂದು ಅವರು ಹೇಳುವುದಿಲ್ಲ. ಕಟ್ಟಿದ ಹೊತ್ತು ಸರಿಯಾಗಿದ್ದಿತೇ, ಕಟ್ಟಿದ ಮೇಲೆ ನೆರಳು ನೀರುಗಳನ್ನು ನೋಡಿದವರಿದ್ದರೇ, ಬುಡದಿಂದ ಒಡೆದ ಬೇಡದ ಚಿಗುರನ್ನು ಚಿವುಟಿದವರಿದ್ದರೇ ಎಂಬುದರ ಮೇಲೆ ಅದರ ಬಾಳುವೆ ನಿಂತಿರುತ್ತದೆ.

ಮನುಷ್ಯರ ಮಕ್ಕಳಿಗೆ ಯಕೃತ್ತನ್ನು ಕಸಿ ಮಾಡುವ ವಿದ್ಯೆಯೂ ಇದೇ ಬಗೆಯದು. ಒಬ್ಬರ ಯಕೃತ್ತಿನ ತುಂಡನ್ನು ತೆಗೆದು ಇನ್ನೊಬ್ಬರ ಹೊಟ್ಟೆಯಲ್ಲಿ ನೆಟ್ಟು ಬದುಕಿಸುತ್ತಾರೆಂಬ ಸುದ್ದಿ ಇಂದು ಯಾರನ್ನೂ ಬೆರಗುಗೊಳಿಸುವುದಿಲ್ಲ. ಆದರೆ ಹೀಗೆ ಬದುಕಿದ ಮಕ್ಕಳು ಎಷ್ಟು ಕಾಲ ಬದುಕುತ್ತಾರೆ, ಹೇಗೆ ಬದುಕುತ್ತಾರೆ, ಬದುಕದೆ ಹೋದವರು ಏಕೆ ಹೋದರು ಎಂದು ಕೇಳುವವರು ಕಡಿಮೆ. ಅರುವತ್ತು ವರ್ಷಗಳ ಈ ಚರಿತ್ರೆಯನ್ನು ಓದಿದವರಿಗೆ ಒಂದು ಸಂಗತಿ ಹೊಳೆಯದೆ ಇರದು. ಮಗುವಿನ ಅಳಿವು ಉಳಿವುಗಳು ಶಸ್ತ್ರಕ್ರಿಯೆಯ ಮೇಜಿನ ಮೇಲೆ ನಿರ್ಧಾರವಾಗುವುದು ಕೆಲವು ಗಂಟೆಗಳ ಮಟ್ಟಿಗೆ ಮಾತ್ರ. ಅದಕ್ಕೆ ಮೊದಲಿನ ಎರಡು ತಿಂಗಳು ಮತ್ತು ಅನಂತರದ ಹಲವು ವರ್ಷಗಳು ಮನೆಯವರ ಕೈಯಲ್ಲಿರುತ್ತವೆ.

‘ಲಿವರ್’ ಎಂಬ ಹಳೆಯ ಭೀತಿ

ಯಕೃತ್ತು ಬಲಪಕ್ಕೆಯ ಎಲುಬುಗಳ ಮರೆಯಲ್ಲಿ ಕುಳಿತು ಸದ್ದಿಲ್ಲದೆ ದುಡಿಯುವ ಅಂಗ. ಉಂಡ ಅನ್ನವನ್ನು ಮೈಗೆ ಹಿಡಿಸುವುದು, ನಂಜನ್ನು ಕಳೆಯುವುದು, ಗಾಯವಾದಾಗ ರಕ್ತ ಹೆಪ್ಪುಗಟ್ಟುವಂತೆ ನೋಡಿಕೊಳ್ಳುವುದು, ಪಿತ್ತರಸವನ್ನು ತಯಾರಿಸಿ ಕರುಳಿಗೆ ಕಳುಹಿಸುವುದು ಎಲ್ಲವೂ ಅದರ ಪಾಲಿನ ಕೆಲಸ. ಅದು ಕೆಟ್ಟರೆ ಬದಲಿಗೆ ಇಡಲು ಯಂತ್ರವಿಲ್ಲ. ಮೂತ್ರಪಿಂಡ ಕೆಟ್ಟವರನ್ನು ರಕ್ತಶುದ್ಧಿಯ ಯಂತ್ರ ವರ್ಷಗಟ್ಟಲೆ ಬದುಕಿಸಬಲ್ಲದು. ಯಕೃತ್ತಿಗೆ ಅಂಥ ಉಪಾಯವನ್ನು ಯಾರೂ ಈವರೆಗೆ ಕಂಡುಹಿಡಿದಿಲ್ಲ.

ನಮ್ಮ ಅಜ್ಜಿಯರ ಕಾಲದಲ್ಲಿ ‘ಮಗುವಿಗೆ ಲಿವರ್ ಆಗಿದೆ’ ಎಂಬ ಮಾತನ್ನು ದನಿ ತಗ್ಗಿಸಿ ಆಡುತ್ತಿದ್ದರು. ವರ್ಷ ತುಂಬಿ ನಡೆದಾಡತೊಡಗಿದ ಕೂಸು ಕಾರಣವಿಲ್ಲದೆ ಕಿರಿಕಿರಿ ಮಾಡುವುದು, ಮೆಲ್ಲನೆ ಜ್ವರ, ಹೊಟ್ಟೆ ಉಬ್ಬುವುದು, ಕೈಕಾಲು ಸೊರಗುವುದು, ಕೊನೆಗೆ ಕಣ್ಣು ಹಳದಿಯಾಗುವುದು. ಅಲ್ಲಿಂದ ಮುಂದಕ್ಕೆ ಕೆಲವೇ ತಿಂಗಳು. ಒಂದೇ ಮನೆಯಲ್ಲಿ ಅಣ್ಣನ ಹಿಂದೆಯೇ ತಮ್ಮನೂ ಹೋದುದುಂಟು. ಕಲಕತ್ತೆಯ ಸೇನ್ ಎಂಬ ವೈದ್ಯರು ೧೮೮೭ರಲ್ಲಿಯೇ ಈ ರೋಗವನ್ನು ವರ್ಣಿಸಿದ್ದರು. ಬಂಗಾಳ, ಮದರಾಸು, ಮೈಸೂರು, ಮಹಾರಾಷ್ಟ್ರಗಳಲ್ಲಿ, ಅದರಲ್ಲಿಯೂ ಹಾಲು ಹೈನಿಗೆ ಕೊರತೆಯಿಲ್ಲದ ಮಧ್ಯಮವರ್ಗದ ಸಸ್ಯಾಹಾರಿ ಕುಟುಂಬಗಳಲ್ಲಿ, ಇದರ ಕಾಟ ಹೆಚ್ಚು. ಮದರಾಸಿನ ಜಮ್ಮಿ ವೆಂಕಟರಮಣಯ್ಯನವರ ‘ಲಿವರ್ ಕ್ಯೂರ್’ ಮನೆಮಾತಾದುದು ಈ ಭೀತಿಯ ಕಾಲದಲ್ಲಿ. ೧೯೫೫ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನ ಮಂಡಳಿಯ ಉಪಸಮಿತಿಯೊಂದು ಇದರ ಮೇಲೆ ವರದಿ ಬರೆಯಿತು. ವರದಿ ಬಂದರೂ ಕಾರಣ ಸಿಕ್ಕಲಿಲ್ಲ.

ಕಾರಣದ ಎಳೆ ಸಿಕ್ಕಿದುದು ಅಡಿಗೆಮನೆಯಲ್ಲಿ. ಸತ್ತ ಮಕ್ಕಳ ಯಕೃತ್ತಿನಲ್ಲಿ ತಾಮ್ರ ಅತಿಯಾಗಿ ತುಂಬಿಕೊಂಡಿರುವುದು ೧೯೭೦ರ ದಶಕದಲ್ಲಿ ತಿಳಿದುಬಂದಿತು. ಇಂಗ್ಲೆಂಡಿನ ಟ್ಯಾನರ್ ಹಾಗೂ ಪುಣೆಯ ಪಂಡಿತ್, ಭಾವೆ ಮೊದಲಾದವರು ರೋಗದ ಮನೆಗಳಿಗೆ ಹೋಗಿ ವಿಚಾರಿಸಿ, ಈ ಮಕ್ಕಳಿಗೆ ಎಳವೆಯಲ್ಲಿಯೇ ತಾಯಿಹಾಲು ಬಿಡಿಸಿ, ಹಿತ್ತಾಳೆ ತಾಮ್ರಗಳ ಪಾತ್ರೆಯಲ್ಲಿ ಕಾಯಿಸಿಟ್ಟ ಹಸುವಿನ ಅಥವಾ ಎಮ್ಮೆಯ ಹಾಲನ್ನು ಕುಡಿಸುತ್ತಿದ್ದರೆಂಬುದನ್ನು ೧೯೮೩ರಲ್ಲಿ ಪ್ರಕಟಿಸಿದರು. ಕಲಾಯಿ ಇಲ್ಲದ, ಇಲ್ಲವೇ ಕಲಾಯಿ ಸವೆದ ಪಾತ್ರೆಯಲ್ಲಿ ಹಾಲು ನಿಂತರೆ ಅದಕ್ಕೆ ತಾಮ್ರ ಇಳಿಯುತ್ತದೆ. ಎಳೆಯ ಯಕೃತ್ತಿಗೆ ಅದನ್ನು ಹೊರಹಾಕುವ ಶಕ್ತಿಯಿಲ್ಲ. ಆಸ್ಟ್ರಿಯ ದೇಶದ ಟಿರೋಲ್ ಎಂಬ ಬೆಟ್ಟದ ಸೀಮೆಯಲ್ಲಿಯೂ ೧೯೦೦ರಿಂದ ೧೯೭೪ರವರೆಗೆ ೧೩೮ ಮಕ್ಕಳು ಇಂಥದೇ ರೋಗದಿಂದ ಸತ್ತುದು, ಅಲ್ಲಿಯೂ ಹಾಲನ್ನು ತಾಮ್ರದ ಪಾತ್ರೆಯಲ್ಲಿ ಕಾಯಿಸುತ್ತಿದ್ದುದು ಮುಂದೆ ಗೊತ್ತಾಯಿತು. ಹುಟ್ಟಿನಿಂದ ಬಂದ ಒಂದು ಒಲವೂ ಇದರೊಡನೆ ಕೂಡಿರಬೇಕೆಂಬುದು ವೈದ್ಯರ ಅಭಿಪ್ರಾಯ. ಪೆನಿಸಿಲಮೈನ್ ಎಂಬ ಔಷಧವನ್ನು ರೋಗದ ಆರಂಭದಲ್ಲಿಯೇ ಕೊಟ್ಟರೆ ಅನೇಕ ಮಕ್ಕಳು ಬದುಕುವರೆಂಬುದು ಪುಣೆಯಲ್ಲಿ ಸಿದ್ಧವಾಯಿತು. ಆದರೆ ಆ ಔಷಧಕ್ಕಿಂತ ಹೆಚ್ಚಿನ ಉಪಕಾರವನ್ನು ಮಾಡಿದುದು ಸ್ಟೀಲಿನ ಪಾತ್ರೆ. ಹಿತ್ತಾಳೆಯ ತಪ್ಪಲೆ ಅಟ್ಟವನ್ನೇರಿತು, ಕಲಾಯಿಯವನು ಊರೂರು ಸುತ್ತುವುದು ನಿಂತಿತು, ಒಂದು ಶತಮಾನ ಮಕ್ಕಳನ್ನು ನುಂಗಿದ ರೋಗವೂ ಕ್ರಮೇಣ ಮರೆಯಾಯಿತು. ಮಕ್ಕಳ ಯಕೃತ್ತಿನ ಚರಿತ್ರೆಯಲ್ಲಿ ಇದು ಕತ್ತಿ ಹಿಡಿಯದೆ ಗೆದ್ದ ಯುದ್ಧ.

ಆದರೆ ಎಲ್ಲ ಕಾಮಾಲೆಯೂ ಪಾತ್ರೆಯಿಂದ ಬಂದುದಲ್ಲ. ಕೆಲವು ಕೂಸುಗಳಿಗೆ ಹುಟ್ಟಿದ ಕೆಲವೇ ವಾರಗಳಲ್ಲಿ ಪಿತ್ತವನ್ನು ಕರುಳಿಗೆ ಒಯ್ಯುವ ನಾಳಗಳು ಉರಿದು, ಬಾಡಿ, ಮುಚ್ಚಿಹೋಗುತ್ತವೆ. ಹೊರದಾರಿಯಿಲ್ಲದ ಪಿತ್ತವು ಯಕೃತ್ತಿನೊಳಗೆ ಮಡುಗಟ್ಟಿ ಅದನ್ನೇ ತಿನ್ನುತ್ತದೆ. ಐರೋಪ್ಯ ದೇಶಗಳಲ್ಲಿ ಹದಿನೈದು ಇಪ್ಪತ್ತು ಸಾವಿರ ಶಿಶುಗಳಿಗೆ ಒಂದರಂತೆ, ಪೂರ್ವ ಏಷ್ಯದಲ್ಲಿ ಇನ್ನೂ ಹೆಚ್ಚಾಗಿ ಕಾಣುವ ಈ ರೋಗಕ್ಕೆ ಚಿಕಿತ್ಸೆಯಾಗದಿದ್ದರೆ ಎರಡು ವರ್ಷ ತುಂಬುವ ಮಕ್ಕಳು ವಿರಳ. ಮಕ್ಕಳ ಯಕೃತ್ ಕಸಿಯ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ರೋಗದೊಡನೆ ನಡೆದ ಹೋರಾಟದ ಚರಿತ್ರೆಯೇ.

ಸೋಲಿನಿಂದ ಆರಂಭ

ಮೊದಲ ಉಪಾಯವನ್ನು ತೋರಿಸಿದವರು ಜಪಾನಿನ ಸೆಂಡೈ ನಗರದ ಮೊರಿಯೊ ಕಸಾಯಿ. ಮುಚ್ಚಿದ ನಾಳಗಳನ್ನು ಕತ್ತರಿಸಿ ತೆಗೆದು, ಕರುಳಿನ ಒಂದು ತುಂಡನ್ನೇ ಮೇಲಕ್ಕೆ ಎಳೆದು ಯಕೃತ್ತಿನ ಬಾಗಿಲಿಗೆ ಹೊಲಿದರೆ ಪಿತ್ತ ಜಿನುಗಿ ಇಳಿಯಬಹುದೆಂದು ೧೯೫೦ರ ದಶಕದಲ್ಲಿ ಅವರು ಮಾಡಿ ತೋರಿಸಿ, ೧೯೫೯ರಲ್ಲಿ ಪ್ರಕಟಿಸಿದರು. ಜಪಾನೀ ಭಾಷೆಯಲ್ಲಿದ್ದ ಆ ಬರೆಹವನ್ನು ಪಶ್ಚಿಮದವರು ಬಹುಕಾಲ ಓದಲಿಲ್ಲ, ಓದಿದವರು ನಂಬಲಿಲ್ಲ. ಈ ಶಸ್ತ್ರಕ್ರಿಯೆಗೆ ಒಂದು ಕಟ್ಟುನಿಟ್ಟಿನ ಮುಹೂರ್ತವುಂಟು. ಮಗು ಹುಟ್ಟಿದ ಅರುವತ್ತು ದಿನಗಳೊಳಗೆ ಮಾಡಿದರೆ ಪಿತ್ತ ಹರಿಯುವ ಸಂಭವ ಹೆಚ್ಚು. ದಿನ ಕಳೆದಷ್ಟೂ ಆಸೆ ಕುಗ್ಗುತ್ತದೆ. ಮುಂದೆ ಈ ಅರುವತ್ತು ದಿನಗಳ ಮಾತು ಮತ್ತೆ ಬರಲಿದೆ.

ಎರಡನೆಯ ಉಪಾಯ ಯಕೃತ್ತನ್ನೇ ಬದಲಿಸುವುದು. ಅಮೆರಿಕದ ಡೆನ್ವರ್ ನಗರದಲ್ಲಿ ೧೯೬೩ರ ಮಾರ್ಚ್ ೧ರಂದು ಥಾಮಸ್ ಸ್ಟಾರ್ಜ್‌ಲ್ ಮನುಷ್ಯರಲ್ಲಿ ಮೊತ್ತಮೊದಲ ಯಕೃತ್ ಕಸಿಗೆ ಕೈಹಾಕಿದರು. ಮೇಜಿನ ಮೇಲಿದ್ದುದು ಪಿತ್ತನಾಳ ಮುಚ್ಚಿದ ಮೂರು ವರ್ಷದ ಹುಡುಗ. ರಕ್ತ ನಿಲ್ಲಲೇ ಇಲ್ಲ. ಮಗು ಮೇಜಿನ ಮೇಲೆಯೇ ತೀರಿಕೊಂಡಿತು. ಅದರ ಬೆನ್ನಿಗೇ ನಡೆದ ಪ್ರಯತ್ನಗಳೂ, ಬಾಸ್ಟನ್ ಮತ್ತು ಪ್ಯಾರಿಸ್ ನಗರಗಳಲ್ಲಿ ನಡೆದವೂ ಸೇರಿ, ಎಲ್ಲವೂ ಸೋತವು. ಅತಿ ಹೆಚ್ಚು ಕಾಲ ಬದುಕಿದ ರೋಗಿಗೆ ಸಿಕ್ಕಿದುದು ೨೩ ದಿನ. ಸ್ಟಾರ್ಜ್‌ಲ್ ಕೆಲಸ ನಿಲ್ಲಿಸಿ ಮೂರು ವರ್ಷಕ್ಕೂ ಮಿಕ್ಕಿ ಪ್ರಯೋಗಶಾಲೆಗೆ ಮರಳಿದರು. ೧೯೬೭ರ ಜುಲೈಯಲ್ಲಿ ಯಕೃತ್ತಿನ ಗಂತಿಯಿಂದ ನರಳುತ್ತಿದ್ದ ಒಂದೂವರೆ ವರ್ಷದ ಹೆಣ್ಣುಮಗುವಿಗೆ ಕಸಿ ಮಾಡಿದಾಗ ಅದು ಹಿಡಿಯಿತು. ಆ ಮಗು ವರ್ಷಕ್ಕೂ ಮಿಕ್ಕಿ ಬದುಕಿ, ಹಳೆಯ ಗಂತಿ ಮರುಕಳಿಸಿದುದರಿಂದ ತೀರಿಕೊಂಡಿತು. ಸೋತರೂ ಅದು ದಾರಿ ತೋರಿದ ಸೋಲು. ೧೯೭೦ರ ಜನವರಿಯಲ್ಲಿ ಅಲ್ಲಿಯೇ ಕಸಿಯಾದ ಇನ್ನೊಬ್ಬ ಪುಟ್ಟ ಹುಡುಗಿ ನಾಲ್ಕು ದಶಕಗಳನ್ನು ಮೀರಿ ಬಾಳಿದಳು.

ಆದರೂ ಆ ಕಾಲದ ಲೆಕ್ಕ ಕಠೋರವಾದುದು. ಮೊದಲ ಹದಿನೈದು ವರ್ಷಗಳಲ್ಲಿ ಕಸಿಯಾದವರಲ್ಲಿ ಒಂದು ವರ್ಷ ದಾಟಿದವರು ನೂರಕ್ಕೆ ಮೂವತ್ತರ ಆಸುಪಾಸು. ಹೊಲಿಗೆ ಎಷ್ಟು ಚೆನ್ನಾಗಿದ್ದರೂ ಮೈ ಪರರ ಅಂಗವನ್ನು ಶತ್ರುವೆಂದೇ ತಿಳಿದು ಹೊರದೂಡುತ್ತಿದ್ದಿತು. ಅದನ್ನು ಸಮಾಧಾನಪಡಿಸಿದ ಎರಡು ಔಷಧಗಳೂ ಮಣ್ಣಿನಿಂದ ಬಂದವೆಂಬುದು ತೋಟಿಗರಿಗೆ ಸಂತೋಷ ಕೊಡಬಹುದಾದ ಸಂಗತಿ. ನಾರ್ವೆಯ ಎತ್ತರದ ಬಯಲೊಂದರ ಹಿಡಿಮಣ್ಣಿನಲ್ಲಿದ್ದ ಶಿಲೀಂಧ್ರದಿಂದ ಸೈಕ್ಲೋಸ್ಪೋರಿನ್ ಸಿಕ್ಕಿತು. ಅದನ್ನು ಕೇಂಬ್ರಿಜಿನ ರಾಯ್ ಕಾನ್ ೧೯೭೮ರಲ್ಲಿ ರೋಗಿಗಳಿಗೆ ಕೊಟ್ಟರು. ಜಪಾನಿನ ತ್ಸುಕುಬದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ೧೯೮೪ರಲ್ಲಿ ಟ್ಯಾಕ್ರೊಲಿಮಸ್ ದೊರಕಿತು. ಅದನ್ನು ೧೯೮೯ರಲ್ಲಿ ಸ್ಟಾರ್ಜ್‌ಲ್ ಪಿಟ್ಸ್‌ಬರ್ಗಿನಲ್ಲಿ ಬಳಕೆಗೆ ತಂದರು. ಮೊದಲನೆಯ ಔಷಧದಿಂದ ಒಂದು ವರ್ಷ ದಾಟುವವರು ನೂರಕ್ಕೆ ಎಪ್ಪತ್ತಾದರು. ಎರಡನೆಯದರಿಂದ ಇನ್ನೂ ಮೇಲೇರಿದರು.

ಹೆತ್ತವರ ಪಾಲು

ಔಷಧ ಸಿಕ್ಕಿದ ಮೇಲೆ ಉಳಿದ ತೊಡಕು ಅಂಗದ್ದು. ಮಗುವಿನ ಹೊಟ್ಟೆಗೆ ಹಿಡಿಸುವ ಯಕೃತ್ತು ಬೇಕಾದರೆ ಇನ್ನೊಂದು ಮಗು ಸಾಯಬೇಕು. ಇಂಥ ನಿರೀಕ್ಷೆಯಲ್ಲಿಯೇ ಮಕ್ಕಳು ಕೊನೆಯುಸಿರೆಳೆಯುತ್ತಿದ್ದರು. ದೊಡ್ಡವರ ಯಕೃತ್ತನ್ನು ಚಿಕ್ಕದಾಗಿ ಕತ್ತರಿಸಿ ಕೂರಿಸುವ ಕ್ರಮವನ್ನು ಪ್ಯಾರಿಸಿನ ಬಿಸ್ಮುತ್ ೧೯೮೪ರಲ್ಲಿ ತೋರಿಸಿದರು. ಹ್ಯಾನೋವರಿನ ಪಿಕ್‌ಲ್ಮಾಯರ್ ೧೯೮೮ರಲ್ಲಿ ಒಂದೇ ಯಕೃತ್ತನ್ನು ಇಬ್ಭಾಗಿಸಿ ಇಬ್ಬರಿಗೆ ಹಂಚಿದರು. ಹಾಗಿದ್ದಲ್ಲಿ ಬದುಕಿರುವವರೇ ಒಂದು ತುಂಡನ್ನು ಕೊಡಬಾರದೇಕೆ? ಬ್ರೆಜಿಲಿನ ರಾಯಿಯ ೧೯೮೮ರ ಡಿಸೆಂಬರಿನಲ್ಲಿ ಈ ಪ್ರಯತ್ನ ಮಾಡಿದರು, ಮಗು ಉಳಿಯಲಿಲ್ಲ. ೧೯೮೯ರ ಜುಲೈಯಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ರಸೆಲ್ ಸ್ಟ್ರಾಂಗ್ ಜಪಾನೀ ತಾಯಿಯೊಬ್ಬಳ ಯಕೃತ್ತಿನ ಭಾಗವನ್ನು ಆಕೆಯ ಮಗನಿಗೆ ಕೊಟ್ಟಾಗ ಮಗು ಬದುಕಿತು.

ಶಿಬಿ ಚಕ್ರವರ್ತಿ ಪಾರಿವಾಳದ ತೂಕಕ್ಕೆ ತನ್ನ ತೊಡೆಯ ಮಾಂಸವನ್ನು ತಕ್ಕಡಿಯಲ್ಲಿಟ್ಟ ಕಥೆಯನ್ನು ಕೇಳದ ಮಕ್ಕಳು ನಮ್ಮಲ್ಲಿಲ್ಲ. ಶಸ್ತ್ರವೈದ್ಯರೂ ಇಲ್ಲಿ ತಕ್ಕಡಿಯನ್ನು ಹಿಡಿಯುತ್ತಾರೆ. ಕಸಿಯಾಗುವ ತುಂಡು ಮಗುವಿನ ತೂಕದ ನೂರರಲ್ಲಿ ಒಂದು ಪಾಲಾದರೂ ಇರಬೇಕೆಂದು ಸಾಮಾನ್ಯ ಲೆಕ್ಕ. ಎಂಟು ಕಿಲೋ ತೂಗುವ ಕೂಸಿಗೆ ಎಂಬತ್ತು ಗ್ರಾಂ ಸಾಕೆನ್ನಬಹುದು. ದೊಡ್ಡವರ ಯಕೃತ್ತಿನ ಎಡತುದಿಯ ಭಾಗ, ಅಂದರೆ ಇಡಿಯದರ ಸುಮಾರು ಕಾಲುಪಾಲು, ಅದಕ್ಕೆ ಧಾರಾಳವಾಗುತ್ತದೆ. ಶಿಬಿಯ ಕಥೆಯಲ್ಲಿಲ್ಲದ ಇನ್ನೊಂದು ಅನುಕೂಲ ಇಲ್ಲಿದೆ: ಕೊಟ್ಟವರ ಯಕೃತ್ತು ಕೆಲವು ತಿಂಗಳಲ್ಲಿ ಮತ್ತೆ ತುಂಬಿಕೊಳ್ಳುತ್ತದೆ, ಮಗುವಿನಲ್ಲಿ ನೆಟ್ಟ ತುಂಡು ಮಗುವಿನೊಡನೆಯೇ ಬೆಳೆಯುತ್ತದೆ. ಹಾಗೆಂದು ಇದು ಅಪಾಯವಿಲ್ಲದ ದಾನವಲ್ಲ. ಇಷ್ಟು ಸಣ್ಣ ಭಾಗವನ್ನು ಕೊಡುವವರಲ್ಲಿಯೂ ಸಾವಿರಕ್ಕೊಬ್ಬರು ಪ್ರಾಣ ಕಳೆದುಕೊಳ್ಳಬಹುದೆಂದು ವೈದ್ಯರು ಮೊದಲೇ ತಿಳಿಸುತ್ತಾರೆ.

ಭಾರತದಲ್ಲಿ ಅಂಗಕಸಿಯ ಕಾನೂನು ಬಂದುದು ೧೯೯೪ರಲ್ಲಿ. ಮಿದುಳು ಸತ್ತವರ ಅಂಗವನ್ನು ಕೊಡಲು ಅದು ಅನುಮತಿ ನೀಡಿದರೂ ಕೊಡುವ ಕುಟುಂಬಗಳು ಕಡಿಮೆಯೇ ಉಳಿದವು. ಆದುದರಿಂದ ನಮ್ಮ ಮಕ್ಕಳ ಪಾಲಿಗೆ ಹೆತ್ತವರೇ ದಾರಿಯಾದರು. ೧೯೯೮ರ ನವೆಂಬರ್ ೧೫ರಂದು ದೆಹಲಿಯ ಅಪೊಲೊ ಆಸ್ಪತ್ರೆಯಲ್ಲಿ ಕಾಂಚೀಪುರದ ಇಪ್ಪತ್ತು ತಿಂಗಳ ಗಂಡುಮಗುವಿಗೆ ತಂದೆಯ ಯಕೃತ್ತಿನ ಭಾಗವನ್ನು ಕಸಿ ಮಾಡಿದರು. ಪಿತ್ತನಾಳದ ರೋಗವೇ ಅದಕ್ಕೂ ಇದ್ದುದು. ಭಾರತದಲ್ಲಿ ಮಕ್ಕಳ ಯಕೃತ್ ಕಸಿ ಸಫಲವಾದುದು ಅದೇ ಮೊದಲು. ಆ ಮಗು ಬೆಳೆದು, ಓದಿ, ಈಗ ತಾನೇ ವೈದ್ಯನಾಗಿದ್ದಾನೆ. ಇಂದು ಬೆಂಗಳೂರಿನ ಹಲವು ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯುಂಟು. ದೇಶದಲ್ಲಿ ೨೦೨೩ರಲ್ಲಿ ದೊಡ್ಡವರು ಚಿಕ್ಕವರು ಸೇರಿ ನಾಲ್ಕು ಸಾವಿರಕ್ಕೂ ಮಿಕ್ಕಿ ಯಕೃತ್ ಕಸಿಗಳಾದವು.

ಈ ಸಂಖ್ಯೆಗಳ ನಡುವೆ ಒಂದು ಮುಜುಗರದ ಸಂಗತಿಯೂ ಇದೆ. ೧೯೯೫ರಿಂದ ೨೦೨೧ರವರೆಗೆ ಭಾರತದಲ್ಲಿ ಯಾವುದೇ ಅಂಗವನ್ನು ಕಸಿಯಾಗಿ ಪಡೆದವರಲ್ಲಿ ಐವರಿಗೆ ನಾಲ್ವರು ಗಂಡಸರು. ಬದುಕಿದ್ದು ಕೊಟ್ಟವರಲ್ಲಿಯಾದರೋ ಹೆಂಗಸರದೇ ಹೆಚ್ಚಿನ ಪಾಲು. ತಾಯಿ ಮಗುವಿಗೆ ಕೊಡುವುದರಲ್ಲಿ ಸೋಜಿಗವಿಲ್ಲ. ಆದರೆ ಕಾಯಿಲೆಯ ಕೂಸು ಹೆಣ್ಣಾದಾಗಲೂ ಮನೆಯವರು ಅಷ್ಟೇ ಬೇಗ ಗಂಟುಕಟ್ಟಿ ಬೆಂಗಳೂರಿನ ಬಸ್ಸು ಹತ್ತುತ್ತಾರೆಯೇ ಎಂಬ ಪ್ರಶ್ನೆಯನ್ನು ನಾವು ನಮ್ಮ ಮನಸ್ಸಿಗೆ ಹಾಕಿಕೊಳ್ಳಬೇಕಾಗಿದೆ.

ಬದುಕಿದ ಮೇಲಿನ ಬದುಕು

ಈಗಿನ ಲೆಕ್ಕ ಹೀಗಿದೆ. ಒಳ್ಳೆಯ ಕೇಂದ್ರಗಳಲ್ಲಿ ಕಸಿಯಾದ ನೂರು ಮಕ್ಕಳಲ್ಲಿ ತೊಂಬತ್ತಕ್ಕೂ ಮೇಲ್ಪಟ್ಟು ಒಂದು ವರ್ಷವನ್ನು ದಾಟುತ್ತಾರೆ, ಎಂಬತ್ತೈದಕ್ಕೂ ಮೇಲ್ಪಟ್ಟು ಐದು ವರ್ಷವನ್ನು ದಾಟುತ್ತಾರೆ. ೧೯೬೩ರ ಸೊನ್ನೆಯಿಂದ ಇಲ್ಲಿಗೆ ಬಂದುದು ವೈದ್ಯಶಾಸ್ತ್ರದ ದೊಡ್ಡ ಗೆಲುವುಗಳಲ್ಲಿ ಒಂದು. ಸೋತವರ ಲೆಕ್ಕವನ್ನು ಬಿಡಿಸಿ ನೋಡಿದರೆ, ಸಾವು ಹೆಚ್ಚಾಗಿ ಮೊದಲ ಕೆಲವು ತಿಂಗಳುಗಳಲ್ಲಿಯೇ ಬರುತ್ತದೆ. ನೂಲಿನಷ್ಟು ಸಪುರವಾದ ಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಹೊಸ ಯಕೃತ್ತು ಒಣಗುವುದು ಒಂದು ಕಾರಣ, ಸೋಂಕು ಇನ್ನೊಂದು. ಆ ಕಾಲವನ್ನು ದಾಟಿದ ಮಗುವಿನ ದಾರಿ ಬಹುಮಟ್ಟಿಗೆ ಸುಗಮ.

ಸುಗಮವೆಂದರೆ ನಿಶ್ಚಿಂತವೆಂದಲ್ಲ. ಮೈಯ ಕಾವಲನ್ನು ತಗ್ಗಿಸುವ ಔಷಧವನ್ನು ದಿನವೂ ಗಡಿಯಾರ ನೋಡಿ ಕೊಡಬೇಕು. ಕಡಿಮೆಯಾದರೆ ಮೈ ಹೊಸ ಯಕೃತ್ತನ್ನು ತಳ್ಳುತ್ತದೆ. ಹೆಚ್ಚಾದರೆ ಮೂತ್ರಪಿಂಡ ಬಳಲುತ್ತದೆ, ಸೋಂಕು ನುಗ್ಗುತ್ತದೆ. ಬೇರೆ ಮಕ್ಕಳಿಗೆ ನೆಗಡಿಯಂತೆ ಬಂದುಹೋಗುವ ಒಂದು ವೈರಸ್ಸು ಈ ಮಕ್ಕಳ ಕುತ್ತಿಗೆಯ ಗ್ರಂಥಿಗಳಲ್ಲಿ ಕುಳಿತು ಕ್ಯಾನ್ಸರಿಗೆ ತಿರುಗುವುದೂ ಉಂಟು. ಬದುಕಿರುವ ಜೀವಾಣುಗಳಿಂದ ಮಾಡಿದ ಲಸಿಕೆಗಳನ್ನು ಸಾಧ್ಯವಾದಷ್ಟು ಕಸಿಗೆ ಮೊದಲೇ ಹಾಕಿಸಬೇಕು, ಆಮೇಲೆ ಅವುಗಳನ್ನು ಸಾಮಾನ್ಯವಾಗಿ ಕೊಡುವಂತಿಲ್ಲ. ಮಲೆನಾಡಿನ ಹಿತ್ತಿಲಿನಲ್ಲಿ ಬೆಳೆಯುವ ಚಕ್ಕೋತದ ಹಣ್ಣು ಕೂಡ ಇವರಿಗೆ ವರ್ಜ್ಯ. ಅದು ಟ್ಯಾಕ್ರೊಲಿಮಸಿನ ಪ್ರಮಾಣವನ್ನು ರಕ್ತದಲ್ಲಿ ಏರಿಸಿಬಿಡುತ್ತದೆ.

ಅಮೆರಿಕ, ಕೆನಡಗಳಲ್ಲಿ ಕಸಿಯಾಗಿ ಹತ್ತು ವರ್ಷ ಬದುಕಿದ ೧೬೭ ಮಕ್ಕಳನ್ನು ಪರೀಕ್ಷಿಸಿ ೨೦೧೨ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಯಕೃತ್ತು ಚೆನ್ನಾಗಿದ್ದು, ಬೆಳವಣಿಗೆ ಸರಿಯಾಗಿದ್ದು, ಒಂದೇ ಔಷಧದಲ್ಲಿದ್ದು, ಔಷಧದ ಅಡ್ಡಪರಿಣಾಮಗಳಾವುವೂ ಇಲ್ಲದ, ಎಲ್ಲ ರೀತಿಯಿಂದಲೂ ಆದರ್ಶವೆನ್ನಬಹುದಾದ ಮಕ್ಕಳು ಅವರಲ್ಲಿ ಮೂರನೆಯ ಒಂದು ಭಾಗ ಮಾತ್ರ. ಉಳಿದವರು ಶಾಲೆಗೆ ಹೋಗುತ್ತಾರೆ, ಆಡುತ್ತಾರೆ. ಆದರೆ ಒಬ್ಬನ ಎತ್ತರ ಕಡಿಮೆ, ಇನ್ನೊಬ್ಬಳ ಮೂತ್ರಪಿಂಡ ಸೊರಗಿದೆ, ಮತ್ತೊಬ್ಬನಿಗೆ ಪಾಠ ಹತ್ತುವುದು ನಿಧಾನ. ಬದುಕಿ ಉಳಿಯುವುದಕ್ಕೂ ಪೂರ್ಣ ಆರೋಗ್ಯಕ್ಕೂ ನಡುವೆ ಇರುವ ಈ ಅಂತರವನ್ನು ಸಂಭ್ರಮದ ಸುದ್ದಿಗಳು ಹೇಳುವುದಿಲ್ಲ.

ಎಲ್ಲಕ್ಕಿಂತ ಕಷ್ಟದ ವಯಸ್ಸು ಹದಿಹರೆಯ. ಎರಡು ವರ್ಷದವನಾಗಿದ್ದಾಗ ತಾಯಿ ಕೊಟ್ಟ ಗುಳಿಗೆಯನ್ನು ನುಂಗಿದ ಹುಡುಗ ಹದಿನಾರರಲ್ಲಿ ‘ನನಗೇನಾಗಿದೆ’ ಎಂದು ಬಿಸಾಡುತ್ತಾನೆ. ಅವನಿಗೆ ಶಸ್ತ್ರಕ್ರಿಯೆಯ ನೆನಪಿಲ್ಲ. ಹೊಟ್ಟೆಯ ಮೇಲಿನ ಕಲೆಯೊಂದೇ ಸಾಕ್ಷಿ. ಚೆನ್ನಾಗಿದ್ದ ಯಕೃತ್ತು ಈ ವಯಸ್ಸಿನಲ್ಲಿ ಕೆಟ್ಟುಹೋದುದಕ್ಕೆ ಗುಳಿಗೆ ತಪ್ಪಿಸಿದುದೇ ಕಾರಣವೆಂಬುದು ಎಲ್ಲ ದೇಶಗಳ ವೈದ್ಯರ ಅನುಭವ. ಇನ್ನೊಂದು ಕಡೆಗೆ ಹರ್ಷದ ಸಂಗತಿಯೂ ಇದೆ. ಹೆತ್ತವರಿಂದ ಯಕೃತ್ತು ಪಡೆದ, ವರ್ಷಗಟ್ಟಲೆ ಆರೋಗ್ಯವಾಗಿದ್ದ ೨೦ ಮಕ್ಕಳನ್ನು ಆರಿಸಿ, ವೈದ್ಯರು ತಾವೇ ಎಚ್ಚರದಿಂದ ಔಷಧವನ್ನು ಇಳಿಸುತ್ತ ಬಂದಾಗ ೧೨ ಮಕ್ಕಳು ವರ್ಷಕ್ಕೂ ಮೇಲ್ಪಟ್ಟು ಔಷಧವಿಲ್ಲದೆಯೇ ಇದ್ದರೆಂದು ೨೦೧೨ರಲ್ಲಿ ಅಮೆರಿಕದಿಂದ ವರದಿಯಾಯಿತು. ಮೈಗೆ ಹೊಸ ಅಂಗದೊಡನೆ ಸ್ನೇಹ ಬೆಳೆಯಬಲ್ಲದೆಂಬುದಕ್ಕೆ ಇದು ಸಾಕ್ಷಿ. ಆದರೆ ಮನೆಯಲ್ಲಿ ಮಾಡಿನೋಡುವ ಪ್ರಯೋಗವಲ್ಲ. ಕಸಿಯಾದ ಹೆಣ್ಣುಮಕ್ಕಳು ಬೆಳೆದು ಮದುವೆಯಾಗಿ ತಾಯಂದಿರಾಗಿದ್ದಾರೆ. ಇದಕ್ಕಿಂತ ದೊಡ್ಡ ಫಲವನ್ನು ಯಾವ ಕಸಿಯಿಂದ ಬಯಸಬಹುದು?

ಉಮ್ಮಚಗಿಯಿಂದ ನೋಡಿದರೆ

ಯಲ್ಲಾಪುರ ತಾಲೂಕಿನ ಉಮ್ಮಚಗಿ ಅಡಿಕೆ ತೋಟಗಳ ನಡುವಿನ ಊರು, ಸಂಸ್ಕೃತ ಪಾಠಶಾಲೆಯಿಂದ ಹೆಸರಾದುದು. ಇಂಥ ಊರಿನ ಕೂಸಿಗೆ ಈ ವಿದ್ಯೆ ಎಷ್ಟು ದೂರ ಎಂಬುದೇ ನಮಗೆ ಮುಖ್ಯವಾದ ಪ್ರಶ್ನೆ. ೧೮೬೨ರಿಂದ ೧೯೫೬ರವರೆಗೆ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿದ್ದಿತು. ದೊಡ್ಡ ಕಾಯಿಲೆಯೆಂದರೆ ಹುಬ್ಬಳ್ಳಿ, ಅದಕ್ಕೂ ಮೀರಿದರೆ ಮಿರಜಿನ ಮಿಶನ್ ಆಸ್ಪತ್ರೆ. ೧೯೫೩ರಲ್ಲಿ ಮಣಿಪಾಲದಲ್ಲಿ, ೧೯೫೭ರಲ್ಲಿ ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜುಗಳಾದವು. ಕಾರವಾರಕ್ಕೆ ಕಾಲೇಜು ಬಂದುದು ಈ ಶತಮಾನದಲ್ಲಿ. ಆದರೂ ಘಟ್ಟದ ಮೇಲಿನ ಈ ಮೂರು ತಾಲೂಕುಗಳ ರೋಗಿ ಇಂದಿಗೂ ಜಿಲ್ಲೆಯ ಗಡಿಯನ್ನು ದಾಟಲೇಬೇಕು. ೨೦೨೨ರ ಜುಲೈ ೨೦ರಂದು ಹೊನ್ನಾವರದಿಂದ ರೋಗಿಯನ್ನು ಒಯ್ಯುತ್ತಿದ್ದ ಆಂಬುಲೆನ್ಸು ಶಿರೂರಿನ ಸುಂಕದ ಕಟ್ಟೆಗೆ ಬಡಿದು ನಾಲ್ವರು ಸತ್ತಾಗ, ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕೆಂಬ ಕೂಗು ಊರೂರಿನಿಂದ ಎದ್ದಿತು. ಅದು ನ್ಯಾಯವಾದ ಕೂಗು.

ಯಕೃತ್ ಕಸಿಯ ಆಸ್ಪತ್ರೆ ಪ್ರತಿ ಜಿಲ್ಲೆಗೆ ಬೇಕೆಂದು ಮಾತ್ರ ಯಾರೂ ಹೇಳಲಾರರು. ವರ್ಷಕ್ಕೆ ಹತ್ತಾರು ಮಕ್ಕಳನ್ನು ಕಂಡು ಪಳಗಿದ ಕೈಗಳಲ್ಲಿಯೇ ಈ ಕೆಲಸ ಚೆನ್ನಾಗಿ ಆಗುವುದು. ಅದಕ್ಕಾಗಿ ನಾನೂರು ಕಿಲೋಮೀಟರಿಗೂ ಮಿಕ್ಕಿದ ಬೆಂಗಳೂರಿನ ದಾರಿಯನ್ನು ಒಮ್ಮೆ ಸವೆಸಬಹುದು. ವೆಚ್ಚ ಹಲವು ಲಕ್ಷ ರೂಪಾಯಿ. ಬಡ ಕುಟುಂಬಗಳ ಅಂಗಕಸಿಯ ವೆಚ್ಚಕ್ಕೆ ಕರ್ನಾಟಕ ಸರಕಾರ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿನ ಮೂಲಕ ನೆರವಿನ ಯೋಜನೆಯನ್ನು ಇಟ್ಟಿದೆ. ಸತ್ತವರ ಅಂಗಗಳನ್ನು ಸರದಿಯಂತೆ ಹಂಚಲು ‘ಜೀವಸಾರ್ಥಕತೆ’ ಎಂಬ ಸಂಸ್ಥೆಯುಂಟು. ಆದರೆ ಬಿಲ್ಲಿನಲ್ಲಿ ಕಾಣದ ವೆಚ್ಚಗಳಿವೆ. ಕಾಯಿಲೆಯ ಮಗುವಿನೊಡನೆ ಅಂಗ ಕೊಟ್ಟ ತಂದೆಯೋ ತಾಯಿಯೋ ಕೂಡ ಮಲಗಿರುವಾಗ ಅಡಿಗೆ ಮಾಡುವವರು ಯಾರು, ಕೊನೆಕೊಯ್ಲಿನ ಹೊತ್ತಿಗೆ ತೋಟವನ್ನು ನೋಡುವವರು ಯಾರು, ಇನ್ನೊಂದು ಮಗು ಯಾರ ಮನೆಯಲ್ಲಿರಬೇಕು? ಆಸ್ಪತ್ರೆಯ ಬಳಿಯಲ್ಲಿ ತಿಂಗಳುಗಟ್ಟಲೆ ಬಾಡಿಗೆಯ ಕೋಣೆ ಹಿಡಿಯಬೇಕು.

ಊರಿಗೆ ಮರಳಿದ ಮೇಲೆ ದೂರ ಇನ್ನೊಂದು ರೂಪದಲ್ಲಿ ಕಾಡುತ್ತದೆ. ಆಷಾಢದ ಮಳೆಯಲ್ಲಿ ಮಗುವಿಗೆ ಜ್ವರ ಬಂದಿತೆನ್ನಿ. ಬೇರೆ ಮಗುವಾದರೆ ಕಷಾಯ ಕೊಟ್ಟು ಎರಡು ದಿನ ಕಾಯಬಹುದು. ಇದಕ್ಕೆ ಅಂದೇ ರಕ್ತಪರೀಕ್ಷೆಯಾಗಬೇಕು, ಬೆಂಗಳೂರಿನ ವೈದ್ಯರೊಡನೆ ಅಂದೇ ಮಾತಾಗಬೇಕು, ಔಷಧದ ಅಂಗಡಿಯಲ್ಲಿ ಗುಳಿಗೆ ಮುಗಿದಿರಬಾರದು. ಜಿಲ್ಲೆಗೆ ಬೇಕಾದುದು ಇಷ್ಟು: ಈ ಮಕ್ಕಳ ಕಡತ ತಿಳಿದ ಒಬ್ಬ ಮಕ್ಕಳ ವೈದ್ಯ, ರಕ್ತದ ಮಾದರಿಯನ್ನು ಹೊತ್ತಿಗೆ ಸರಿಯಾಗಿ ಕಳುಹಿಸುವ ವ್ಯವಸ್ಥೆ, ಔಷಧದ ನಿಲ್ಲದ ಪೂರೈಕೆ. ದೊಡ್ಡ ಕಟ್ಟಡವಿಲ್ಲದೆಯೂ ಇದು ಆಗಬಲ್ಲದು.

ಆದರೆ ಈ ಎಲ್ಲ ಓಡಾಟವನ್ನು ತಪ್ಪಿಸಬಲ್ಲ, ತಪ್ಪಿಸಲಾಗದಿದ್ದರೂ ವರ್ಷಗಳ ಕಾಲ ಮುಂದಕ್ಕೆ ತಳ್ಳಬಲ್ಲ ಕೆಲಸ ಬಾಣಂತಿಯ ಕೋಣೆಯಲ್ಲಿದೆ. ಹುಟ್ಟಿದ ಮಕ್ಕಳಿಗೆ ಮೊದಲ ದಿನಗಳಲ್ಲಿ ಮೈ ತುಸು ಹಳದಿಯಾಗುವುದು ಸಹಜ. ಎರಡು ವಾರದಲ್ಲಿ ಅದು ಇಳಿಯುತ್ತದೆ. ಪಿತ್ತನಾಳ ಮುಚ್ಚಿದ ಕೂಸಿಗೆ ಮಾತ್ರ ಇಳಿಯುವುದಿಲ್ಲ. ಮೋಸದ ಸಂಗತಿಯೆಂದರೆ ಆ ಕೂಸು ಹಾಲು ಕುಡಿಯುತ್ತದೆ, ತೂಕ ಏರುತ್ತದೆ, ನಗುತ್ತದೆ. ಕತ್ತಲೆಯ ಕೋಣೆಯಲ್ಲಿ ಎಣ್ಣೆನೀರಿನ ಅರಿಶಿನದ ನಡುವೆ ಮೈಯ ಹಳದಿ ಕಣ್ಣಿಗೆ ಬೀಳುವುದೇ ಇಲ್ಲ. ಬಿದ್ದರೂ ‘ಕಾಮಾಲೆ, ನಾಟಿ ಔಷಧ ಹಾಕಿಸೋಣ’ ಎಂದು ಮೂರು ವಾರ ಕಳೆಯುತ್ತದೆ. ನೆಲನೆಲ್ಲಿಯ ಗುಣವನ್ನು ಹಳಿಯಬೇಕಾಗಿಲ್ಲ. ದೊಡ್ಡವರ ಕಾಮಾಲೆ ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ, ಹೆಸರು ಔಷಧಕ್ಕೆ ಬರುತ್ತದೆ. ಆದರೆ ಮುಚ್ಚಿದ ನಾಳವನ್ನು ಯಾವ ಬೇರೂ ಬಿಡಿಸಲಾರದು. ಕಳೆದ ಮೂರು ವಾರವನ್ನು ಯಾವ ಆಸ್ಪತ್ರೆಯೂ ಮರಳಿಸಲಾರದು.

ರೋಗದ ನಿಜವಾದ ಕುರುಹು ಮಗುವಿನ ಬಟ್ಟೆಯಲ್ಲಿದೆ. ಪಿತ್ತ ಕರುಳಿಗೆ ಇಳಿಯದಿದ್ದರೆ ಮಲಕ್ಕೆ ಹಳದಿ ಬಣ್ಣ ಬರುವುದಿಲ್ಲ, ಅದು ಸುಣ್ಣದಂತೆ, ಬೂದಿಯಂತೆ ಬಿಳಿಚಿರುತ್ತದೆ. ಮೂತ್ರ ಮಾತ್ರ ಬಟ್ಟೆಗೆ ಹಳದಿ ಕಲೆ ಹಿಡಿಸುತ್ತದೆ. ತೈವಾನ್ ದ್ವೀಪದಲ್ಲಿ ಮಲದ ಬಣ್ಣಗಳನ್ನು ಅಚ್ಚು ಹಾಕಿದ ಒಂದು ಕಾರ್ಡನ್ನು ಪ್ರತಿಯೊಬ್ಬ ಬಾಣಂತಿಯ ಕೈಗೆ ಕೊಡುವ ಕ್ರಮವನ್ನು ೨೦೦೨ರಲ್ಲಿ ಆರಂಭಿಸಿ, ೨೦೦೪ರಲ್ಲಿ ಇಡೀ ದೇಶಕ್ಕೆ ಹರಡಿದರು. ಈ ರೋಗದ ಮಕ್ಕಳಲ್ಲಿ ಐದು ವರ್ಷ ಬದುಕುವವರು ನೂರಕ್ಕೆ ೫೬ ಇದ್ದುದು ೮೯ಕ್ಕೆ ಏರಿತು. ಅನೇಕರು ಕಸಿಯಿಲ್ಲದೆ ತಮ್ಮ ಸ್ವಂತ ಯಕೃತ್ತಿನಿಂದಲೇ ಬದುಕಿದರು. ಒಂದು ಕಾಗದದ ತುಂಡು ಮಾಡಿದ ಕೆಲಸವಿದು.

ನಮ್ಮಲ್ಲಿ ಆಶಾ ಕಾರ್ಯಕರ್ತೆ ಹೆರಿಗೆಯಾದ ಮನೆಗೆ ಮೂರನೆಯ, ಏಳನೆಯ, ಹದಿನಾಲ್ಕನೆಯ, ಇಪ್ಪತ್ತೊಂದನೆಯ, ಇಪ್ಪತ್ತೆಂಟನೆಯ, ನಲವತ್ತೆರಡನೆಯ ದಿನಗಳಲ್ಲಿ ಹೋಗಿ ಮಗುವನ್ನು ತೂಗಿ ಬರುವ ಏರ್ಪಾಡಿದೆ. ಅಷ್ಟು ಭೇಟಿಗಳೂ ಕಸಾಯಿಯವರ ಅರುವತ್ತು ದಿನಗಳ ಒಳಗೇ ಬರುತ್ತವೆ. ಆಕೆಯ ಚೀಲದಲ್ಲಿ ಅಂಥದೊಂದು ಬಣ್ಣದ ಕಾರ್ಡಿದ್ದು, ಹದಿನಾಲ್ಕನೆಯ ದಿನದಿಂದ ಮುಂದೆ ಪ್ರತಿ ಸಲವೂ ‘ಬಟ್ಟೆ ತೋರಿಸಿ ಅಮ್ಮಾ’ ಎಂದು ಕೇಳಿದರೆ ಸಾಕು. ಮಗುವಿನ ಬಟ್ಟೆಯನ್ನು ಒಗೆಯುವ ಅಜ್ಜಿಯ ಕಣ್ಣಿಗೆ ಅದು ಮೊದಲೇ ಬಿದ್ದಿರುತ್ತದೆ. ಹೇಳಬೇಕಾದ ಮಾತೆಂದು ಅವಳಿಗೆ ಯಾರೂ ತಿಳಿಸಿರುವುದಿಲ್ಲ, ಅಷ್ಟೆ. ಹಳದಿ ಇಳಿಯದ, ಮಲ ಬಿಳಿಚಿದ ಕೂಸನ್ನು ಬೆಳಕಿಗೆ ತಂದು, ಅದೇ ವಾರ ಮಕ್ಕಳ ವೈದ್ಯರಿಗೆ ತೋರಿಸಿ, ಪಿತ್ತದ ರಕ್ತಪರೀಕ್ಷೆಯನ್ನು ಕೇಳಿ ಮಾಡಿಸಿದ ಮನೆಗೆ ಬೆಂಗಳೂರು ನಾನೂರು ಕಿಲೋಮೀಟರಿನಷ್ಟು ದೂರವೆನಿಸದು.